ಎಐ ಟ್ಯೂಟರ್ ಹೇಳುವಾಗ ಎಲ್ಲ ಅರ್ಥವಾಗುತ್ತದೆ, ಪೇಪರ್ ಮುಂದೆ ಕೂತರೆ ಕೈ ಓಡುವುದಿಲ್ಲ. ಸ್ಥಿರವಿದ್ಯುತ್ ಹೇಗೆ ಕಲಿಯುವುದು?

ಮಲ್ಪೆ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ಸೆಕೆಂಡ್ ಪಿಯು ಸೈನ್ಸ್. ಮನೆ ಮಲ್ಪೆ ಹತ್ತಿರ, ಕಾಲೇಜು ಉಡುಪಿಯಲ್ಲಿ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಫಸ್ಟ್ ಪಿಯು ಹೇಗೋ ಪಾಸಾಯಿತು. ಈ ವರ್ಷ ಫಿಸಿಕ್ಸ್‌ನ ಮೊದಲ ಪಾಠದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಅದೇ, ವಿದ್ಯುದಾವೇಶ ಮತ್ತು ಕ್ಷೇತ್ರ.

ಟ್ಯೂಷನ್‌ಗೆ ಹೋಗಲು ಆಗುವುದಿಲ್ಲ. ಬಸ್ಸಿಳಿದು ಮನೆ ಮುಟ್ಟುವಾಗಲೇ ಆರು ಗಂಟೆ ದಾಟಿರುತ್ತದೆ. ಜೂನ್, ಜುಲೈ ಎರಡು ತಿಂಗಳು ಬೋಟು ಕಡಲಿಗೆ ಇಳಿಯುವ ಹಾಗಿಲ್ಲ, ಅಪ್ಪ ಮನೆಯಲ್ಲೇ ಇದ್ದಾರೆ, ಈಗ ಫೀಸು ಕೇಳಲು ನನಗೆ ಮನಸ್ಸಿಲ್ಲ. ಹಾಗಾಗಿ ಒಂದು ತಿಂಗಳಿಂದ ಮೊಬೈಲಿನಲ್ಲಿ ಎಐ ಟ್ಯೂಟರ್ ಇಟ್ಟುಕೊಂಡು ಓದುತ್ತಿದ್ದೇನೆ. ರಾತ್ರಿ ಊಟ ಆದ ಮೇಲೆ ಕೂರುತ್ತೇನೆ. ಲೆಕ್ಕದ ಫೋಟೋ ತೆಗೆದು ಹಾಕಿದರೆ ಸಾಲು ಸಾಲಾಗಿ ಬಿಡಿಸಿ ಕೊಡುತ್ತದೆ. ಓದುವಾಗ ಎಲ್ಲ ಸರಿ ಅನಿಸುತ್ತದೆ. ಆದರೆ ಮೊನ್ನೆ ಕಾಲೇಜಿನ ಟೆಸ್ಟ್‌ನಲ್ಲಿ ಅದೇ ತರದ ಲೆಕ್ಕ ಬಂದರೂ ಮೊದಲ ಸಾಲು ಬರೆದು ಅಲ್ಲಿಗೇ ನಿಂತೆ. 25ಕ್ಕೆ 9 ಬಂತು. ತುಂಬ ಬೇಜಾರಾಯಿತು.

ಇನ್ನೂ ಮೂರು ಸಂಗತಿ ಇವೆ. ಒಂದು, ಕನ್ನಡದಲ್ಲಿ ಕೇಳಿದರೆ ಚಾರ್ಜ್ ಅನ್ನುವುದಕ್ಕೆ ಒಂದು ಕಡೆ ಆವೇಶ ಅಂತ ಬರೆಯುತ್ತದೆ, ಇನ್ನೊಂದು ಕಡೆ ಶುಲ್ಕ ಅಂತ. ಶುಲ್ಕ ಅಂದರೆ ಫೀಸು ಅಲ್ವಾ. ಋಣ ಶುಲ್ಕ ಅಂತ ಓದಿ ನಾನು ಏನೋ ಕಡಿಮೆ ಬಿದ್ದಿದೆ, ಎಲೆಕ್ಟ್ರಾನ್ ಕಳೆದುಹೋಗಿದೆ ಅಂತ ತಿಳಿದುಕೊಂಡೆ.

ಎರಡು, ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರಿನ ಹತ್ತಿರ ಹಿಡಿ, ಚೂರು ಎದ್ದು ಅಂಟಿಕೊಳ್ಳುತ್ತದೆ ಅಂತ ಅದು ಹೇಳಿತು. ನಾನು ಹತ್ತು ಸಲವಾದರೂ ಉಜ್ಜಿದೆ. ಒಂದು ಚೂರೂ ಅಲ್ಲಾಡಲಿಲ್ಲ. ಹಾಗಾದರೆ ಇದೆಲ್ಲ ಪುಸ್ತಕದಲ್ಲಿ ಮಾತ್ರವಾ?

ಮೂರು, ಈ ಲೆಕ್ಕ. +4 ಮೈಕ್ರೊಕೂಲಂಬ್ ಮತ್ತು −1 ಮೈಕ್ರೊಕೂಲಂಬ್ ಆವೇಶಗಳು 30 ಸೆಂ.ಮೀ. ದೂರದಲ್ಲಿವೆ. ವಿದ್ಯುತ್ ಕ್ಷೇತ್ರ ಸೊನ್ನೆ ಆಗುವುದು ಎಲ್ಲಿ? ಎರಡರ ನಡುವೆ, +4ರಿಂದ 20 ಸೆಂ.ಮೀ. ದೂರದಲ್ಲಿ ಅಂತ ಎಐ ಉತ್ತರ ಕೊಟ್ಟಿತು. ನನ್ನ ಗೆಳತಿಯ ಗೈಡ್‌ನಲ್ಲಿ ಬೇರೆ ಉತ್ತರ ಇದೆ. ಯಾವುದನ್ನು ನಂಬಲಿ?

ಇದನ್ನು ಬಿಟ್ಟರೆ ನನಗೆ ಕೇಳಲು ಬೇರೆ ಯಾರೂ ಇಲ್ಲ. ಸರಿಯಾಗಿ ಬಳಸುವುದು ಹೇಗೆ ಅಂತ ಗೊತ್ತಿದ್ದವರು ಹೇಳಿ.


ಸುರತ್ಕಲ್ ಹಾಸ್ಟೆಲ್:

ನಿನ್ನ ಪೋಸ್ಟ್ ಓದಿ ಎರಡು ವರ್ಷದ ಹಿಂದಿನ ನಾನೇ ಕಣ್ಣ ಮುಂದೆ ಬಂದೆ. ನಾನೂ ಕಾರ್ಕಳ ಕಡೆಯವಳು, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಈಗ ಎಂಜಿನಿಯರಿಂಗ್ ಎರಡನೇ ವರ್ಷ. ಧೈರ್ಯ ಬಿಡಬೇಡ.

ನೀನು ಓದುತ್ತಿರುವುದು ಎಐ ಮಾಡಿದ ಲೆಕ್ಕ, ನೀನು ಮಾಡಿದ್ದಲ್ಲ. ಬೇರೆಯವರು ಈಜುವುದನ್ನು ದಡದಲ್ಲಿ ಕೂತು ಎಷ್ಟು ನೋಡಿದರೂ ನೀರಿಗೆ ಇಳಿದಾಗ ಕೈಕಾಲು ನಾವೇ ಆಡಿಸಬೇಕು ಅಲ್ವಾ. ನಾನೂ ಮೊದಲು ಫೋಟೋ ಹಾಕಿ ಉತ್ತರ ಓದುತ್ತಿದ್ದೆ. ಆಮೇಲೆ ಒಂದು ದಿನ ಶುರುವಿನಲ್ಲೇ ಹೀಗೆ ಬರೆದೆ: "ನೀನು ಉತ್ತರ ಹೇಳಬೇಡ. ಸೂತ್ರವನ್ನೂ ಹೇಳಬೇಡ. ನನಗೆ ಒಂದೊಂದೇ ಪ್ರಶ್ನೆ ಕೇಳು, ನಾನು ಉತ್ತರ ಬರೆದ ಮೇಲೆ ಮುಂದಿನದು ಕೇಳು. ನಾನು ತಪ್ಪಿದರೆ ಎಲ್ಲಿ ತಪ್ಪಿದೆ ಅಂತ ಮಾತ್ರ ತೋರಿಸು." ಅಷ್ಟೇ. ಅಲ್ಲಿಂದ ಮುಂದೆ ಒಂದು ಲೆಕ್ಕಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು. ದಿನಕ್ಕೆ ಎರಡೇ ಲೆಕ್ಕ ಆಗುತ್ತಿತ್ತು. ಆದರೆ ಆ ಎರಡು ಲೆಕ್ಕ ನನ್ನವು. ಎಷ್ಟೋ ಸಲ ಅದು ಮಾತು ಮರೆತು ನಾಲ್ಕು ಪ್ರಶ್ನೆ ಆದ ಮೇಲೆ ಪೂರ್ತಿ ಉತ್ತರ ಸುರಿದುಬಿಡುತ್ತದೆ. ಆಗ ಮತ್ತೆ ನೆನಪು ಮಾಡಬೇಕು.

ಮರುದಿನ ಬೆಳಿಗ್ಗೆ ಮೊಬೈಲ್ ಬೇರೆ ಕೋಣೆಯಲ್ಲಿಟ್ಟು ಅದೇ ಲೆಕ್ಕವನ್ನು ಖಾಲಿ ಹಾಳೆಯಲ್ಲಿ ಮಾಡು. ಅಲ್ಲಿ ನಿಂತುಹೋದರೆ, ನಿಂತ ಆ ಸಾಲನ್ನು ಮಾತ್ರ ರಾತ್ರಿ ಕೇಳು. ಇಡೀ ಲೆಕ್ಕ ಕೇಳಬೇಡ.

ಶಬ್ದದ ವಿಷಯ. ಹೈಸ್ಕೂಲು ಪುಸ್ತಕದ ಶಬ್ದ ಒಂದು ಕಡೆ, ಪಿಯು ಪುಸ್ತಕದ ಶಬ್ದ ಇನ್ನೊಂದು ಕಡೆ ಬರೆದು ಒಂದು ಪಟ್ಟಿ ಮಾಡಿಕೊ. ಆವೇಶ ಅಂದರೆ ಚಾರ್ಜ್, ಕ್ಷೇತ್ರ ಅಂದರೆ ಫೀಲ್ಡ್, ವಿಭವ ಅಂದರೆ ಪೊಟೆನ್ಶಿಯಲ್, ವಾಹಕ ಅಂದರೆ ಕಂಡಕ್ಟರ್. ಮೂವತ್ತು ಶಬ್ದ ಆದರೆ ಈ ಎರಡು ಪಾಠಕ್ಕೆ ಬೇಕಾದಷ್ಟಾಯಿತು. ಆ ಪಟ್ಟಿಯನ್ನೇ ಎಐಗೆ ಕೊಟ್ಟು, ಇದೇ ಶಬ್ದ ಬಳಸು ಅಂತ ಹೇಳು. ಶುಲ್ಕದ ಕಾಟ ತಪ್ಪುತ್ತದೆ. ನಾನು ವಿವರಣೆಯನ್ನು ಕನ್ನಡದಲ್ಲಿ ಕೇಳುತ್ತಿದ್ದೆ, ಲೆಕ್ಕದ ಸಾಲುಗಳನ್ನು ಇಂಗ್ಲಿಷಿನಲ್ಲೇ ಬರೆಯುತ್ತಿದ್ದೆ, ಯಾಕೆಂದರೆ ಪರೀಕ್ಷೆಯಲ್ಲಿ ಬರೆಯಬೇಕಾದ್ದು ಹಾಗೆ.


ಕಡಿಯಾಳಿ ಮಾಷ್ಟ್ರು:

ಮಗಳೇ, ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ಈ ಪಾಠವನ್ನು ಮೂವತ್ತು ವರ್ಷ ಮಾಡಿದ್ದೇನೆ. ಮೊದಲು ನಿನ್ನ ಲೆಕ್ಕ. ಎಐ ಕೊಟ್ಟ ಉತ್ತರ ತಪ್ಪು. ಎರಡೂ ಧನ ಆವೇಶ ಆಗಿದ್ದರೆ 20 ಸೆಂ.ಮೀ. ಸರಿ. ನಿನ್ನ ಲೆಕ್ಕದಲ್ಲಿ ಒಂದು ಋಣ ಇದೆ.

ಸೂತ್ರ ಪಕ್ಕಕ್ಕಿಡು. ಹಾಳೆ ಅಡ್ಡ ಇಟ್ಟು ಎಡಗಡೆ +4, ಬಲಗಡೆ −1 ಬರೆ. ಈಗ ನಡುವೆ ಎಲ್ಲಾದರೂ ಒಂದು ಚುಕ್ಕೆ ಇಡು. ಆ ಚುಕ್ಕೆಯಲ್ಲಿ ಒಂದು ಪುಟ್ಟ ಧನ ಆವೇಶ ಕೂತಿದೆ ಅಂತ ಭಾವಿಸು. +4 ಅದನ್ನು ಬಲಕ್ಕೆ ದೂಡುತ್ತದೆ. −1 ಅದನ್ನು ತನ್ನ ಕಡೆಗೆ ಎಳೆಯುತ್ತದೆ, ಅಂದರೆ ಅದೂ ಬಲಕ್ಕೇ. ಎರಡೂ ಬಾಣ ಒಂದೇ ದಿಕ್ಕಿಗೆ ಇರುವಾಗ ಸೊನ್ನೆ ಆಗುವುದು ಹೇಗೆ? ಆಗಲು ಸಾಧ್ಯವೇ ಇಲ್ಲ. ಇದಕ್ಕೆ ಲೆಕ್ಕವೇ ಬೇಡ.

ಹಾಗಾದರೆ ಹೊರಗೆ ನೋಡು. +4ರ ಎಡಕ್ಕೆ ಹೋದರೆ ಬಾಣಗಳು ಎದುರುಬದುರಾಗುತ್ತವೆ. ಆದರೆ ಅಲ್ಲಿ ದೊಡ್ಡ ಆವೇಶವೇ ಹತ್ತಿರ ಇರುತ್ತದೆ, ಸಣ್ಣದು ದೂರ. ಸಣ್ಣದು ಎಂದಿಗೂ ಗೆಲ್ಲುವುದಿಲ್ಲ. ಉಳಿದದ್ದು −1ರ ಬಲಕ್ಕೆ. ಅಲ್ಲಿ ಸಣ್ಣದು ಹತ್ತಿರ, ದೊಡ್ಡದು ದೂರ, ಬಾಣಗಳು ಎದುರುಬದುರು. ಇಲ್ಲಿ ಸಮ ಆಗಬಹುದು. ಈಗ ಸೂತ್ರ ತೆಗೆ. ಆವೇಶ ನಾಲ್ಕು ಪಟ್ಟು ಜಾಸ್ತಿ ಇದ್ದರೆ ದೂರ ಎರಡು ಪಟ್ಟು ಇರಬೇಕು, ಯಾಕೆಂದರೆ ದೂರದ ವರ್ಗ ಕೆಳಗಿದೆ. −1ರಿಂದ 30 ಸೆಂ.ಮೀ., +4ರಿಂದ 60 ಸೆಂ.ಮೀ. ತಾಳೆ ನೋಡು: 4ನ್ನು 3600ರಿಂದ ಭಾಗಿಸಿದರೂ 1ನ್ನು 900ರಿಂದ ಭಾಗಿಸಿದರೂ ಒಂದೇ.

ಎಐ ಏನು ಮಾಡಿದೆ ಅಂದರೆ ಆವೇಶದ ಗಾತ್ರ ಮಾತ್ರ ತೆಗೆದುಕೊಂಡು ದಿಕ್ಕು ಬಿಟ್ಟಿದೆ. ನನ್ನ ವಿದ್ಯಾರ್ಥಿಗಳೂ ಪ್ರತಿ ವರ್ಷ ಇದೇ ತಪ್ಪು ಮಾಡುತ್ತಿದ್ದರು. ಕ್ಷೇತ್ರ ಸದಿಶ, ಅಂದರೆ ಅದಕ್ಕೆ ಗಾತ್ರದ ಜೊತೆ ದಿಕ್ಕೂ ಇದೆ. ಬಾಣ ಎಳೆಯದೆ ಪೆನ್ನು ಸೂತ್ರಕ್ಕೆ ತಾಗಬಾರದು ಅಂತ ನಾನು ಹೇಳುತ್ತಿದ್ದೆ. ಸುರತ್ಕಲ್‌ನ ತಂಗಿ ಹೇಳಿದ್ದಕ್ಕೆ ನಾನು ಒಂದು ಸೇರಿಸುತ್ತೇನೆ: ಎಐ ಹತ್ತಿರ ಹೋಗುವ ಮೊದಲೇ ಬಾಣದ ಚಿತ್ರ ಮುಗಿಸು, ಉತ್ತರ ಎಡಕ್ಕೋ ಬಲಕ್ಕೋ ನಡುವೆಯೋ ಅಂತ ಪೆನ್ಸಿಲಿನಲ್ಲಿ ಬರೆದಿಡು. ಆಮೇಲೆ ಅದು ಏನೇ ಹೇಳಲಿ, ತಾಳೆ ನೋಡಲು ನಿನ್ನ ಕೈಯಲ್ಲಿ ಒಂದು ಅಳತೆಗೋಲು ಇರುತ್ತದೆ. ಮತ್ತು ಪಾಠಪುಸ್ತಕದ ಆ ಪುಟ ಮೊದಲು ಓದಿರಬೇಕು. ಇದರಲ್ಲಿ ನನಗೆ ರಾಜಿ ಇಲ್ಲ.

ಋಣ ಅಂದರೆ ಕಡಿಮೆ ಅಂತ ನೀನು ತಿಳಿದದ್ದು ಸಹಜ. ಈ ಧನ, ಋಣ ಅನ್ನುವ ಹೆಸರು ಇಟ್ಟವರು ಬೆಂಜಮಿನ್ ಫ್ರಾಂಕ್ಲಿನ್, 18ನೇ ಶತಮಾನದಲ್ಲಿ. ಆಗ ಎಲೆಕ್ಟ್ರಾನ್ ಯಾರಿಗೂ ಗೊತ್ತಿರಲಿಲ್ಲ. ಜೆ. ಜೆ. ಥಾಮ್ಸನ್ ಅದನ್ನು ಕಂಡದ್ದು 1897ರಲ್ಲಿ. ಅಷ್ಟರಲ್ಲಿ ಹೆಸರು ಬಳಕೆಗೆ ಬಂದು ಗಟ್ಟಿಯಾಗಿತ್ತು, ಎಲೆಕ್ಟ್ರಾನಿನ ಪಾಲಿಗೆ ಋಣ ಬಂತು. ಹಾಗಾಗಿ ಋಣ ಆವೇಶ ಇರುವ ವಸ್ತುವಿನಲ್ಲಿ ಎಲೆಕ್ಟ್ರಾನ್ ಜಾಸ್ತಿ ಇರುತ್ತದೆ. ಒಣ ತಲೆಗೂದಲಿಗೆ ಪ್ಲಾಸ್ಟಿಕ್ ಬಾಚಣಿಗೆ ಉಜ್ಜಿದರೆ ಕೂದಲಿನ ಎಲೆಕ್ಟ್ರಾನ್ ಬಾಚಣಿಗೆಗೆ ಬರುತ್ತದೆ, ಬಾಚಣಿಗೆ ಋಣ ಆಗುತ್ತದೆ.

ಆವೇಶ ಅಂದಕೂಡಲೇ ನಮ್ಮ ತುಳುನಾಡಿನ ಮಕ್ಕಳಿಗೆ ಕೋಲದಲ್ಲಿ ದೈವ ಮೈಮೇಲೆ ಬರುವುದು ನೆನಪಾಗುತ್ತದೆ. ಹೊರಗಿನಿಂದ ಬಂದು ಸೇರಿಕೊಂಡದ್ದು ಅಂತ. ಇಲ್ಲಿ ಹಾಗಲ್ಲ. ಧನ, ಋಣ ಎರಡೂ ವಸ್ತುವಿನ ಒಳಗೆ ಮೊದಲೇ ಸಮವಾಗಿ ಇವೆ. ಉಜ್ಜಿದಾಗ ಸ್ವಲ್ಪ ಆಚೀಚೆ ಆಗುತ್ತದೆ, ಅಷ್ಟೇ. ಹೊಸದಾಗಿ ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ.


ಮಲ್ಪೆ ಹುಡುಗಿ:

ಸರ್, ಅಕ್ಕ, ಇಬ್ಬರಿಗೂ ತುಂಬ ಥ್ಯಾಂಕ್ಸ್. ಬಾಣ ಎಳೆದು ನೋಡಿದೆ ಸರ್. ಒಂದೇ ನಿಮಿಷದಲ್ಲಿ ಗೊತ್ತಾಯಿತು. ಇಷ್ಟು ದಿನ ಇದನ್ನು ಯಾಕೆ ಮಾಡಲಿಲ್ಲ ಅಂತ ಅನಿಸುತ್ತಿದೆ.

ನಿನ್ನೆ ರಾತ್ರಿ ಒಂದು ವಿಷಯ ಗಮನಿಸಿದೆ, ಹೇಳಲೇಬೇಕು. ಎಐಗೆ ನಾನು "ನಡುವೆ ಎರಡೂ ಬಾಣ ಒಂದೇ ಕಡೆಗೆ ಇವೆ, ನಿನ್ನ ಉತ್ತರ ತಪ್ಪು" ಅಂತ ಬರೆದೆ. ಕೂಡಲೇ ಒಪ್ಪಿಕೊಂಡು 30 ಸೆಂ.ಮೀ. ಹೊರಗೆ ಅಂತ ಸರಿಯಾಗಿ ಮಾಡಿ ತೋರಿಸಿತು. ನನಗೆ ಖುಷಿಯಾಯಿತು. ಆಮೇಲೆ ಪರೀಕ್ಷೆ ಮಾಡಲು "ಇಲ್ಲ, 15 ಸೆಂ.ಮೀ. ಅಲ್ವಾ" ಅಂತ ಸುಮ್ನೆ ಬರೆದೆ. ಅದಕ್ಕೂ "ನೀವು ಹೇಳಿದ್ದು ಸರಿ, ಕ್ಷಮಿಸಿ" ಅಂತ ಶುರುಮಾಡಿ 15 ಬರುವ ಹಾಗೆ ಏನೋ ಸಾಲು ಬರೆಯಿತು! ನನಗೆ ಹೆದರಿಕೆಯೇ ಆಯಿತು. ನಾನು ತಪ್ಪು ಹೇಳಿದರೂ ಹೌದು ಅನ್ನುತ್ತದೆ ಅಂದರೆ ನಾನು ಸರಿ ಇದ್ದೇನೋ ಇಲ್ಲವೋ ಅಂತ ತಿಳಿಯುವುದು ಹೇಗೆ?

ಮತ್ತೆ ಬಾಚಣಿಗೆಯ ವಿಷಯ ಯಾರೂ ಹೇಳಲಿಲ್ಲ.


ಸುರತ್ಕಲ್ ಹಾಸ್ಟೆಲ್:

ಅದು ನಿಜ, ನನಗೂ ಆಗಿದೆ. ಅದಕ್ಕೇ "ಸರಿಯಾ?" ಅಂತ ಕೇಳಬಾರದು. "ಇದು ಸರಿ ಅಲ್ವಾ" ಅಂತಂತೂ ಕೇಳಲೇಬಾರದು, ಹೌದು ಅಂದುಬಿಡುತ್ತದೆ. "ಒಬ್ಬ ವಿದ್ಯಾರ್ಥಿ ಹೀಗೆ ಮಾಡಿದ್ದಾನೆ, ಪ್ರತಿ ಸಾಲಿನಲ್ಲೂ ತಪ್ಪು ಇದೆಯಾ ಹುಡುಕು" ಅಂತ ಕೊಡು, ನಿನ್ನದು ಅಂತ ಹೇಳಬೇಡ. ಮತ್ತೆ ಉತ್ತರವನ್ನು ನೀನೇ ಹಿಂದಕ್ಕೆ ಹಾಕಿ ತಾಳೆ ನೋಡು. ಮಾಷ್ಟ್ರು 3600, 900 ಮಾಡಿದರಲ್ಲ, ಹಾಗೆ. 15 ಹಾಕಿ ನೋಡು, 45ರ ವರ್ಗ 2025, 15ರ ವರ್ಗ 225, ತಾಳೆಯಾಗುವುದೇ ಇಲ್ಲ. ಆ ಎರಡು ಸಾಲಿನ ಲೆಕ್ಕಕ್ಕೆ ಯಾರ ಒಪ್ಪಿಗೆಯೂ ಬೇಡ.


ಬೈಕಂಪಾಡಿ ಪೌಡರ್ ಕೋಟಿಂಗ್:

ಬಾಚಣಿಗೆಗೆ ನಾನು ಉತ್ತರ ಹೇಳುತ್ತೇನೆ ತಂಗಿ. ನಾನು ಐಟಿಐ ಮಾಡಿದವ. ಬೈಕಂಪಾಡಿಯಲ್ಲಿ ಪೌಡರ್ ಕೋಟಿಂಗ್ ಕೆಲಸ, ಅಂದರೆ ಲೋಹದ ಮಾಲಿಗೆ ಪುಡಿಯ ಪೇಂಟ್ ಹಾಕುವುದು, ಹದಿನಾಲ್ಕು ವರ್ಷ ಆಯಿತು. ಸ್ಥಿರವಿದ್ಯುತ್ ಅಂದರೆ ನಮಗೆ ದಿನದ ಅನ್ನ.

ನಿನ್ನ ಬಾಚಣಿಗೆ ಸರಿಯೇ ಇದೆ, ನೀನು ಉಜ್ಜಿದ್ದೂ ಸರಿ. ತೊಂದರೆ ಇರುವುದು ಜುಲೈ ತಿಂಗಳಲ್ಲಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಗಾಳಿಯಲ್ಲಿ ಎಷ್ಟು ತೇವ ಇರುತ್ತದೆ ಅಂತ ನೋಡು, ಉಪ್ಪಿನ ಡಬ್ಬಿಯಲ್ಲಿ ಉಪ್ಪು ನೀರಾಗುತ್ತದೆ, ಒಗೆದ ಬಟ್ಟೆ ಮೂರು ದಿನ ಆದರೂ ಒಣಗುವುದಿಲ್ಲ, ಚಪ್ಪಲಿಗೆ ಬೂಸ್ಟು ಬರುತ್ತದೆ. ಅದೇ ತೇವ ಬಾಚಣಿಗೆಯ ಮೇಲೂ, ಕೂದಲಿನ ಮೇಲೂ ಕಣ್ಣಿಗೆ ಕಾಣದಷ್ಟು ತೆಳುವಾಗಿ ಕೂತಿರುತ್ತದೆ. ಆ ನೀರಿನ ಪದರದ ಮೇಲೆ ಆವೇಶ ಹರಿದು ನಿನ್ನ ಕೈಗೆ, ಕೈಯಿಂದ ನೆಲಕ್ಕೆ ಹೋಗಿಬಿಡುತ್ತದೆ. ನೀನು ಉಜ್ಜಿ ಕೂಡಿಸುವುದಕ್ಕಿಂತ ಬೇಗ ಸೋರಿಹೋಗುತ್ತದೆ. ತೂತು ಕೊಡದಲ್ಲಿ ನೀರು ತುಂಬಿದ ಹಾಗೆ. ನೀನು ಎಐಗೆ ನಾನು ಮಲ್ಪೆಯಲ್ಲಿದ್ದೇನೆ, ಹೊರಗೆ ಮಳೆ ಬರುತ್ತಿದೆ ಅಂತ ಹೇಳಿದ್ದೆಯಾ? ಹೇಳಿದ್ದರೆ ಬಹುಶಃ ಅದೂ ಇದನ್ನೇ ಹೇಳುತ್ತಿತ್ತು. ಅದಕ್ಕೆ ನಿನ್ನ ಮನೆ ಕಾಣುವುದಿಲ್ಲ.

ಈಗಲೇ ನೋಡಬೇಕಾ? ಪ್ಲಂಬಿಂಗಿಗೆ ಬಳಸುವ ಪಿವಿಸಿ ಪೈಪಿನ ಒಂದು ಮೊಳದ ತುಂಡು ತೆಗೆದುಕೊ. ಅದನ್ನೂ ಒಂದು ಪಾಲಿಯೆಸ್ಟರ್ ಬಟ್ಟೆಯನ್ನೂ ಕಾಗದದ ಚೂರುಗಳನ್ನೂ ಒಲೆಯ ಹತ್ತಿರ ಬೆಚ್ಚಗೆ ಒಣಗಿಸು. ಪೈಪು ಮೆತ್ತಗಾಗುವಷ್ಟು ಬಿಸಿ ಮಾಡಬೇಡ. ಬಟ್ಟೆಗೆ ಮಾತ್ರ ಇಸ್ತ್ರಿ ಹಾಕಿದರೂ ಆದೀತು. ಆರುವ ಮೊದಲು ಜೋರಾಗಿ ಉಜ್ಜಿ ಹಿಡಿ. ಚೂರು ಹಾರುತ್ತದೆ. ಸುಲಭದ್ದು ಬೇಕಾದರೆ ಸೆಲ್ಲೋಟೇಪು. ಒಂದು ಗೇಣಿನ ಎರಡು ತುಂಡನ್ನು ಬೇರೆ ಬೇರೆಯಾಗಿ ಮೇಜಿಗೆ ಅಂಟಿಸಿ ಸರ್ರನೆ ಎಳೆದು ಹತ್ತಿರ ತಾ. ಒಂದಕ್ಕೊಂದು ದೂರ ಸರಿಯುತ್ತವೆ. ಒಂದರ ಮೇಲೊಂದು ಅಂಟಿಸಿ, ಒಟ್ಟಿಗೆ ಎಬ್ಬಿಸಿ, ಆಮೇಲೆ ಬಿಡಿಸಿದರೆ ಒಂದನ್ನೊಂದು ಎಳೆದುಕೊಳ್ಳುತ್ತವೆ. ನನ್ನ ಮಗನಿಗೆ ಕಳೆದ ಮಳೆಗಾಲದಲ್ಲಿ ಮಾಡಿ ತೋರಿಸಿದೆ, ಎಳೆದ ಕೂಡಲೇ ನೋಡಿದರೆ ಕಾಣುತ್ತದೆ.

ಇನ್ನು ನಮ್ಮ ಕೆಲಸದ ವಿಷಯ ಹೇಳುತ್ತೇನೆ, ನಿನ್ನ ಪಾಠ ಅದರಲ್ಲಿ ಪೂರ್ತಿ ಇದೆ. ಪುಡಿ ಊದುವ ಗನ್ನಿನ ತುದಿಯಲ್ಲಿ ಒಂದು ಸೂಜಿ ಇರುತ್ತದೆ, ಅದಕ್ಕೆ 60ರಿಂದ 100 ಸಾವಿರ ವೋಲ್ಟ್ ಕೊಡುತ್ತೇವೆ, ಋಣ. ಪುಡಿ ಅದರ ಹತ್ತಿರ ಹಾದು ಬರುವಾಗ ಋಣ ಆವೇಶ ಹಿಡಿದುಕೊಳ್ಳುತ್ತದೆ. ಎದುರಿಗೆ ಕಬ್ಬಿಣದ ಗೇಟೋ ಕುರ್ಚಿಯೋ ಹುಕ್ಕಿನಲ್ಲಿ ನೇತಾಡುತ್ತಿರುತ್ತದೆ, ಅದಕ್ಕೆ ಅರ್ತಿಂಗ್ ಇರುತ್ತದೆ. ಪುಡಿ ತಾನಾಗಿ ಹೋಗಿ ಅಂಟಿಕೊಳ್ಳುತ್ತದೆ, ಪೈಪಿನ ಮುಂದೆ ಹಿಡಿದರೆ ಸುತ್ತಿ ಹಿಂದಿನ ಮೈಗೂ ಹೋಗುತ್ತದೆ. ಆಮೇಲೆ 200 ಡಿಗ್ರಿಯ ಹತ್ತಿರ ಒಲೆಯಲ್ಲಿ ಇಟ್ಟರೆ ಕರಗಿ ಪೇಂಟ್ ಆಗುತ್ತದೆ. ಹುಕ್ಕಿನ ಮೇಲೆ ಹಳೇ ಪೇಂಟ್ ದಪ್ಪಗೆ ಕೂತರೆ ಅರ್ತಿಂಗ್ ಸಿಗುವುದಿಲ್ಲ. ಆಗ ಪುಡಿ ಸರಿಯಾಗಿ ಅಂಟುವುದಿಲ್ಲ, ಮಾಲು ಮುಟ್ಟಿದವನಿಗೆ ಚುರ್ ಅಂತ ಹೊಡೆಯುತ್ತದೆ. ಹೊಸ ಹುಡುಗರಿಗೆ ನಾನು ಮೊದಲ ದಿನ ಕೊಡುವ ಕೆಲಸ ಹುಕ್ಕು ಕೆರೆಯುವುದು.

ಒಳಮೂಲೆ ಇದ್ದರೆ ಕಷ್ಟ. ಪೆಟ್ಟಿಗೆಯ ಒಳಗಿನ ಮೂಲೆಗೆ ಪುಡಿ ಹೋಗುವುದೇ ಇಲ್ಲ. ಹೊರ ಅಂಚಿನಲ್ಲಿ ದಪ್ಪಗೆ ಕೂತು ಮೂಲೆ ಬೋಳು ಉಳಿಯುತ್ತದೆ. ನಾನು ವರ್ಷಗಟ್ಟಲೆ ಪುಡಿ ಜಾಸ್ತಿ ಬಿಟ್ಟು, ವೋಲ್ಟ್ ಜಾಸ್ತಿ ಮಾಡಿ ನೋಡಿದೆ. ಇನ್ನೂ ಹಾಳಾಗುತ್ತಿತ್ತು. ಯಾಕೆ ಅಂತ ಹೋದ ವರ್ಷ ಎಐ ಹತ್ತಿರ ಕೇಳಿದೆ, ಹೌದು, ನಲವತ್ತು ದಾಟಿದ ಮೇಲೆ. ಅದು ಫ್ಯಾರಡೇ ಪಂಜರದ ವಿಷಯ ಹೇಳಿತು. 1836ರಲ್ಲಿ ಫ್ಯಾರಡೇ ಲೋಹದ ಹಾಳೆ ಹೊದಿಸಿದ ಒಂದು ಕೋಣೆ ಕಟ್ಟಿ, ಹೊರಗೆ ಎಷ್ಟು ಆವೇಶ ಕೊಟ್ಟರೂ ಒಳಗೆ ಏನೂ ಇಲ್ಲ ಅಂತ ತೋರಿಸಿದರಂತೆ. ವಾಹಕದ ಆವೇಶ ಹೊರಮೈಗೆ ಹೋಗಿ ಕೂರುತ್ತದೆ, ಒಳಗೆ ಕ್ಷೇತ್ರ ಸೊನ್ನೆ. ನಮ್ಮ ಪೆಟ್ಟಿಗೆಗೆ ಒಂದು ಬಾಯಿ ತೆರೆದಿದೆ, ಪೂರ್ತಿ ಮುಚ್ಚಿಲ್ಲ, ಆದರೂ ಕ್ಷೇತ್ರದ ದಿಕ್ಕು ತೋರಿಸುವ ಗೆರೆಗಳು ಹತ್ತಿರದ ಅಂಚಿಗೇ ಹೋಗಿ ಮುಗಿಯುತ್ತವೆ, ಒಳಕ್ಕೆ ಇಳಿಯುವುದು ಬಹಳ ಕಡಿಮೆ. ವೋಲ್ಟ್ ಇಳಿಸಿ ಗಾಳಿಯಲ್ಲಿ ಮೆಲ್ಲ ಒಳಗೆ ದೂಡಬೇಕು. ಹಾಗೆ ಮಾಡಿದೆ, ಮೂಲೆ ತುಂಬಿತು. ಅವತ್ತು ಮನೆಗೆ ಬಂದು ಮಗನ ಪುಸ್ತಕ ತೆಗೆದು ಗಾಸ್ ನಿಯಮದ ಪುಟ ಓದಿದೆ. ಪೂರ್ತಿ ತಿಳಿಯಲಿಲ್ಲ, ಆದರೆ ಆ ಚಿತ್ರ ನನಗೆ ಹೊಸದಾಗಿರಲಿಲ್ಲ.

ಒಂದು ಲೆಕ್ಕ ಕೊಡುತ್ತೇನೆ, ಮಾಡು. ಗನ್ನಿಗೆ 80 ಸಾವಿರ ವೋಲ್ಟ್, ಮಾಲಿಗೂ ಗನ್ನಿಗೂ 25 ಸೆಂ.ಮೀ. ಸರಾಸರಿ ಕ್ಷೇತ್ರ ಎಷ್ಟು? ಒಣ ಗಾಳಿ ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ತಡೆಯುತ್ತದೆ. ಹಾಗಾದರೆ ಸೂಜಿಯ ತುದಿಯಲ್ಲಿ ಗಾಳಿ ಯಾಕೆ ಒಡೆಯುತ್ತದೆ?


ಮಣಿಪಾಲ ಝೆರಾಕ್ಸ್:

ಮೇಲಿನ ಅಣ್ಣ ಹೇಳಿದ ತೇವದ ಮಾತು ನೂರಕ್ಕೆ ನೂರು ನಿಜ. ನಮ್ಮ ಅಂಗಡಿಯಲ್ಲಿ ಜೂನ್ ಬಂದರೆ ಪ್ರಿಂಟ್ ಮಸುಕಾಗುತ್ತದೆ. ಮಿಶನ್ ಒಳಗಿನ ಡ್ರಮ್ಮಿನ ಮೇಲೆ ಆವೇಶದಲ್ಲೇ ಅಕ್ಷರ ಮೂಡುವುದು, ಟೋನರ್ ಪುಡಿ ಆ ಜಾಗಕ್ಕೆ ಮಾತ್ರ ಅಂಟುತ್ತದೆ, ಅಲ್ಲಿಂದ ಕಾಗದಕ್ಕೂ ಆವೇಶವೇ ಎಳೆದುಕೊಳ್ಳಬೇಕು. ಕಾಗದ ತೇವ ಆದರೆ ಆವೇಶ ಹರಿದುಹೋಗಿ ಪುಡಿ ಸರಿಯಾಗಿ ಬರುವುದಿಲ್ಲ. ನಾವು ರೀಮ್ ಒಡೆದ ಕೂಡಲೇ ಉಳಿದ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಮಿಶನ್ನಿನ ಬೆಚ್ಚಗಿನ ಬದಿಗೆ ಇಡುತ್ತೇವೆ. ಈ ಕಡೆ ಬಂದರೆ ಅಂಗಡಿಗೆ ಬನ್ನಿ, ಸರ್ವಿಸಿನವರು ಮಿಶನ್ ಬಿಚ್ಚಿದ ದಿನ ಡ್ರಮ್ ತೋರಿಸುತ್ತೇನೆ.


ಮಲ್ಪೆ ಹುಡುಗಿ:

ನಾಲ್ಕು ದಿನ ಬರಲಿಲ್ಲ, ಕ್ಷಮಿಸಿ. ಜೋರು ಗಾಳಿಮಳೆ, ಎರಡು ದಿನ ಕರೆಂಟೇ ಇರಲಿಲ್ಲ. ಮೊಬೈಲ್ ಆಫ್ ಆಗಿತ್ತು. ಹಾಗಾಗಿ ಮೇಣದಬತ್ತಿ ಹಚ್ಚಿಕೊಂಡು ಪುಸ್ತಕ ಮತ್ತು ಖಾಲಿ ಹಾಳೆ ಮಾತ್ರ.

ಟೇಪು ಮಾಡಿದೆ ಅಣ್ಣ! ಅಪ್ಪ ಬಲೆ ಸರಿಮಾಡುತ್ತಾ ಕೂತಿದ್ದರು, ಅವರ ಕೈಯಲ್ಲಿ ಒಂದು ತುಂಡು ಕೊಟ್ಟು ನಾನೊಂದು ಹಿಡಿದೆ. ಹತ್ತಿರ ತಂದ ಕೂಡಲೇ ಎರಡೂ ಹೊಟ್ಟೆ ಉಬ್ಬಿಸಿದ ಹಾಗೆ ದೂರ ಸರಿದವು. ಅಪ್ಪ ಮತ್ತೆ ಮಾಡು ಅಂದರು. ಐದಾರು ಸಲ ಮಾಡಿದೆವು. ಒಂದು ನಿಮಿಷ ಬಿಟ್ಟು ನೋಡಿದರೆ ಶಕ್ತಿ ಕಡಿಮೆಯಾಗಿರುತ್ತದೆ, ಸೋರಿಹೋಗುವುದು ಅಂದರೆ ಏನು ಅಂತ ಕಣ್ಣಾರೆ ಕಂಡೆ.

ನಿಮ್ಮ ಲೆಕ್ಕ ಕೂಡ ಮಾಡಿದೆ. 80,000ವನ್ನು 0.25ರಿಂದ ಭಾಗಿಸಿದರೆ ಮೀಟರಿಗೆ 3 ಲಕ್ಷದ 20 ಸಾವಿರ ವೋಲ್ಟ್. ಗಾಳಿ ತಡೆಯುವುದರ ಹತ್ತನೇ ಒಂದು ಪಾಲಿನಷ್ಟೇ. ಆದರೆ ಅದು ಸರಾಸರಿ. ಸೂಜಿಯ ತುದಿ ಚೂಪಾದ್ದರಿಂದ ಅಲ್ಲಿ ಗೆರೆಗಳು ಒತ್ತಾಗಿ ಇರುತ್ತವೆ, ಅಲ್ಲಿ ಮಾತ್ರ 30 ಲಕ್ಷ ದಾಟುತ್ತದೆ. ಸರಿಯಾ ಅಂತ ಕೇಳಬಾರದು ಅಂತ ಅಕ್ಕ ಹೇಳಿದ್ದಾರೆ, ಆದರೆ ನಿಮ್ಮ ಹತ್ತಿರ ಕೇಳಬಹುದು ಅಲ್ವಾ.

ನನ್ನ ಮೊದಲ ಲೆಕ್ಕದಲ್ಲಿ ಬಲ ಎಷ್ಟು ಅಂತಲೂ ಕಂಡುಹಿಡಿದೆ. 30 ಸೆಂ.ಮೀ.ಯನ್ನು 0.3 ಮೀಟರ್ ಮಾಡಿ ವರ್ಗ ಮಾಡುವಾಗ ಮೊದಲು 0.9 ಬರೆದೆ, ಆಮೇಲೆ 0.09 ಅಂತ ತಿದ್ದಿದೆ. 0.4 ನ್ಯೂಟನ್ ಬಂತು. ಸುಮಾರು 40 ಗ್ರಾಂ ತೂಕ, ಒಂದು ಬೂತಾಯಿ ಮೀನನ್ನು ಅಂಗೈಯಲ್ಲಿ ಇಟ್ಟ ಹಾಗೆ. ಮೈಕ್ರೊಕೂಲಂಬ್ ಅಂದರೆ ಎಷ್ಟು ಅಂತ ಈಗ ಕೈಗೆ ಗೊತ್ತಾಯಿತು.

ಕರೆಂಟ್ ಬಂದ ಮೇಲೆ ಎಐಗೆ ನೀನು ಪ್ರಶ್ನೆ ಮಾತ್ರ ಕೇಳು ಅಂದೆ. ಅದು ಒಂದು ಒಳ್ಳೆ ಪ್ರಶ್ನೆ ಕೇಳಿತು: ಅದೇ ಎರಡು ಆವೇಶಕ್ಕೆ ವಿಭವ ಸೊನ್ನೆ ಆಗುವುದು ಎಲ್ಲಿ? ನಾನು ಕ್ಷೇತ್ರದ ಉತ್ತರವೇ ಇರಬಹುದು ಅಂತ ಪೆನ್ಸಿಲಿನಲ್ಲಿ 30 ಅಂತ ಬರೆದಿಟ್ಟೆ. ಲೆಕ್ಕ ಮಾಡಿದರೆ ಎರಡು ಕಡೆ ಬಂತು ಸರ್. ನಡುವೆ +4ರಿಂದ 24 ಸೆಂ.ಮೀ., ಮತ್ತೆ ಹೊರಗೆ −1ರಿಂದ 10 ಸೆಂ.ಮೀ. ತಾಳೆ ನೋಡಿದೆ, ಎರಡೂ ಕೂಡುತ್ತದೆ. ಕ್ಷೇತ್ರ ನಡುವೆ ಸೊನ್ನೆ ಆಗುವುದೇ ಇಲ್ಲ, ವಿಭವ ಹೇಗೆ ಆಗುತ್ತದೆ? ವಿಭವಕ್ಕೆ ಬಾಣ ಇಲ್ಲ, ಬರೀ ಧನ ಋಣ ಕೂಡಿಸುವುದು, ಅದಕ್ಕಾ?


ಕಡಿಯಾಳಿ ಮಾಷ್ಟ್ರು:

ಅದಕ್ಕೇ ಮಗಳೇ. ವಿಭವ ಅದಿಶ. ಬೈಕಂಪಾಡಿಯವರ ಲೆಕ್ಕವೂ ಸರಿಯಿದೆ. ಪೆನ್ಸಿಲಿನ 30 ಅಳಿಸಬೇಡ, ಅದರ ಪಕ್ಕದಲ್ಲೇ 24 ಮತ್ತು 10 ಬರೆದಿಡು.

ನಾಳೆ ಇದನ್ನು ಮಾಡು. ಆ 24 ಸೆಂ.ಮೀ. ಜಾಗದಲ್ಲಿ ವಿಭವ ಸೊನ್ನೆ, ಆದರೆ ಕ್ಷೇತ್ರ ಸೊನ್ನೆ ಅಲ್ಲ. ಅಲ್ಲಿ ಒಂದು ಪುಟ್ಟ ಧನ ಆವೇಶ ಇಟ್ಟು ಕೈ ಬಿಟ್ಟರೆ ಅದು ಅಲ್ಲೇ ನಿಲ್ಲುತ್ತದೋ, ಯಾವ ಕಡೆಗಾದರೂ ಓಡುತ್ತದೋ? ಮೊದಲು ಬಾಣ ಎಳೆ.